ಕತ್ತಿ ಅದ್ದಿ ನೋಡುವ ಬುದ್ಧಿ

ಆಯನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ



ಈ ದತ್ತಿ ಇಟ್ಟವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಅವರ ತಂದೆ ಜೀವಮಾನವಿಡೀ ಎರಕದ ಕೆಲಸ ಮಾಡಿದವರು. ಮರಳಿನ ಅಚ್ಚು ಕಟ್ಟಿ, ಕರಗಿದ ಕಬ್ಬಿಣ ಸುರಿದು, ತಣಿದ ಮೇಲೆ ಅಚ್ಚು ಒಡೆದು ದೂಳು ಕೊಡವಿದವರು. ಅವರ ನೆನಪಿನಲ್ಲಿ ಪ್ರತಿವರ್ಷ ಒಂದು ವಿಜ್ಞಾನ ಉಪನ್ಯಾಸ ನಡೆಯಬೇಕು, ಅದು ದುಡಿಯುವ ಜನಕ್ಕೆ ಅರ್ಥವಾಗುವ ಹಾಗಿರಬೇಕು ಎಂಬುದು ಮಗಳ ಷರತ್ತು. ಆ ಷರತ್ತಿಗೆ ತಲೆಬಾಗಿ ದೂಳಿನ ಬಗ್ಗೆಯೇ ಮಾತಾಡುತ್ತೇನೆ. ಆದರೆ ಕಣ್ಣಿಗೆ ಕಾಣದ, ಮನುಷ್ಯ ಬೇಕೆಂದೇ ತಯಾರಿಸುವ ಹೊಸ ದೂಳು ಅದು. ನ್ಯಾನೊ ಕಣಗಳು ಉಸಿರಿನ ಜೊತೆ ಒಳಗೆ ಹೋದರೆ ಏನಾಗುತ್ತದೆ, ಅದನ್ನು ಮೊದಲೇ ತಿಳಿದುಕೊಳ್ಳುವುದು ಹೇಗೆ ಎಂಬುದು ಇವತ್ತಿನ ವಿಷಯ.

ತೋಟದ ಮಂಜು

ನನ್ನ ಅಪ್ಪ ಅಡಿಕೆ ತೋಟದವರು. ಮುಂಗಾರು ಹಿಡಿಯುವ ಹೊತ್ತಿಗೆ ಒಮ್ಮೆ, ನಲವತ್ತು ದಿನ ಬಿಟ್ಟು ಮತ್ತೊಮ್ಮೆ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ಮಿಶ್ರಣ ಇದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಕಾಲದಿಂದ ಮಲೆನಾಡಿನ ತೋಟಗಳಿಗೆ ಇದೇ ಕಾವಲು.

ಔಷಧಿ ಕೂಡಿಸಿದ ಮೇಲೆ ಅಪ್ಪ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಿದ್ದರು. ಒಂದು ನಿಮಿಷ ಬಿಟ್ಟು ಮೇಲೆತ್ತಿ ಬೆಳಕಿಗೆ ಹಿಡಿಯುವರು. ಅಲಗಿಗೆ ಕೆಂಬಣ್ಣ ಹತ್ತಿದ್ದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಎಳೆಗೊನೆ ಸುಟ್ಟೀತು ಎಂದರ್ಥ. ಇನ್ನೊಂದು ಹಿಡಿ ಸುಣ್ಣ ಬೀಳುತ್ತಿತ್ತು. ಅಲಗು ಬಿಳಿಯಾಗಿಯೇ ಉಳಿಯುವವರೆಗೆ ಒಂದು ಹನಿಯನ್ನೂ ಮರಕ್ಕೆ ಹೊಡೆಯಲು ಬಿಡುತ್ತಿರಲಿಲ್ಲ.

ಆಮೇಲೆ ಅಡಿಕೆ ಮರ ಹತ್ತುವ ಕಸುಬಿನ ಕೊನೆಗೌಡ ಮೇಲೇರಿ ಔಷಧಿ ಹೊಡೆಯುತ್ತಿದ್ದ. ಕೆಳಗೆ ನಿಂತು ಪಂಪು ಒತ್ತುತ್ತಿದ್ದ ಅಪ್ಪನ ಮುಖದ ಮೇಲೆ ನೀಲಿ ಮಂಜು ಇಳಿಯುತ್ತಿತ್ತು. ಸಂಜೆ ಅವರು ಮೂಗು ಸೀನಿದ ಟವೆಲಿನಲ್ಲಿ ಅದೇ ನೀಲಿ. ಅಮ್ಮ ಎಷ್ಟು ಕುಕ್ಕಿ ಒಗೆದರೂ ಅದು ಬಿಡುತ್ತಿರಲಿಲ್ಲ.

1969ರಲ್ಲಿ ಪೋರ್ಚುಗಲ್‌ನ ಪಿಮೆಂಟೆಲ್ ಮತ್ತು ಮಾರ್ಕ್ವೆಸ್ ಎಂಬ ಇಬ್ಬರು ಸಂಶೋಧಕರು ಒಂದು ಹೊಸ ವೃತ್ತಿರೋಗವನ್ನು ವರದಿ ಮಾಡಿದರು. ದ್ರಾಕ್ಷಿ ತೋಟಗಳಿಗೆ ವರ್ಷಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ತುಂಬಿದ ಗಂಟುಗಳು, ಗಾಯದ ಗುರುತಿನಂತೆ ಗಟ್ಟಿಯಾದ ಅಂಗಾಂಶ ಕಂಡಿದ್ದವು. ಔಷಧಿ ಹುಟ್ಟಿ ಎಂಬತ್ತು ವರ್ಷ ಕಳೆದ ಮೇಲೆ ಅದನ್ನು ಹೊಡೆಯುವವರ ಎದೆಯನ್ನು ಯಾರೋ ತೆರೆದು ನೋಡಿದರು. ನನ್ನ ಅಪ್ಪನ ಎದೆಯನ್ನು ಅಷ್ಟು ವರ್ಷಗಳಲ್ಲಿ ಯಾರೂ ಒಮ್ಮೆಯೂ ಪರೀಕ್ಷಿಸಲಿಲ್ಲ. ಮರಕ್ಕೆ ಕತ್ತಿಯ ಪರೀಕ್ಷೆ ಇತ್ತು, ಮನುಷ್ಯನಿಗೆ ಇರಲಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನಲ್ಲಿದೆ.

ಬಟ್ಟಲಿನಲ್ಲಿ ಅರಳಿದ ಪುಡಿ

ಅಪ್ಪನ ಕಾಲದ ಮಾತು ಇರಲಿ. ನನ್ನ ಕಾಲದಲ್ಲಿ ನಾನು ಮಾಡಿದ್ದೇನು ಎಂಬುದನ್ನೂ ಹೇಳಬೇಕು.

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿ ಕಿಂಗ್ಸ್‌ಲಿ 1988ರಲ್ಲಿ ಒಂದು ಸೊಗಸಾದ ವಿಧಾನವನ್ನು ಪ್ರಕಟಿಸಿದರು. ಲೋಹದ ನೈಟ್ರೇಟ್ ಮತ್ತು ಯೂರಿಯಾವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ 500 ಡಿಗ್ರಿ ಕಾದ ಕುಲುಮೆಯೊಳಗೆ ಇಟ್ಟರೆ ಅದು ಕುದಿದು, ನೊರೆಯಾಗಿ, ತಾನೇ ಹೊತ್ತಿಕೊಂಡು ಐದು ನಿಮಿಷದೊಳಗೆ ಅತಿ ನವಿರಾದ ಆಕ್ಸೈಡ್ ಪುಡಿಯಾಗುತ್ತದೆ. ದುಬಾರಿ ಯಂತ್ರ ಬೇಡ, ದಿನಗಟ್ಟಲೆ ಕಾಯಬೇಕಿಲ್ಲ. ಹಾಗಾಗಿಯೇ ಈ ವಿಧಾನ ಕರ್ನಾಟಕದ ಸಣ್ಣ ಊರಿನ ಕಾಲೇಜುಗಳಿಗೂ ತಲುಪಿತು. ಸತುವಿನ ಆಕ್ಸೈಡ್, ಸೀರಿಯಂ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎಂದು ನಮ್ಮ ಮಕ್ಕಳು ಜಗತ್ತಿನ ಪತ್ರಿಕೆಗಳಲ್ಲಿ ಪ್ರಬಂಧ ಬರೆಯುವಂತಾಯಿತು. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಒಂದು ಮಧ್ಯಾಹ್ನ ಒಬ್ಬ ವಿದ್ಯಾರ್ಥಿನಿ ಕುಲುಮೆಯಿಂದ ಬಟ್ಟಲನ್ನು ಹೊರತೆಗೆದಳು. ಸತುವಿನ ಆಕ್ಸೈಡ್ ಮಂಡಕ್ಕಿಯ ಹಾಗೆ ಅರಳಿ ಬಟ್ಟಲಿನ ಅಂಚು ಮೀರಿತ್ತು. ಅದನ್ನು ಅಗೇಟ್ ಕಲ್ಲಿನ ಪುಟ್ಟ ಕಲ್ಬತ್ತಿಗೆ ಸುರಿದು, ಮುಖ ಬಗ್ಗಿಸಿ ಅರೆಯತೊಡಗಿದಳು. ಪಶ್ಚಿಮದ ಕಿಟಕಿಯಿಂದ ಬಿಸಿಲಿನ ಒಂದು ಕೋಲು ಅವಳ ಕೈಯ ಮೇಲೆ ಬಿದ್ದಿತ್ತು. ಅವಳು ಒಂದು ಸುತ್ತು ಅರೆದಾಗಲೆಲ್ಲ ಆ ಬಿಸಿಲುಕೋಲಿನಲ್ಲಿ ಬಿಳಿ ಹೊಗೆಯೊಂದು ಎದ್ದು, ಸುರುಳಿ ಸುತ್ತಿ, ಅವಳ ಉಸಿರಿನ ಕಡೆಗೆ ವಾಲಿ, ಮಾಯವಾಗುತ್ತಿತ್ತು. ನನಗೆ ಆ ಕ್ಷಣ ಅಪ್ಪನ ಟವೆಲು ನೆನಪಾಯಿತು. ಅದಕ್ಕೆ ಮುಂಚೆ ಎಷ್ಟೋ ವರ್ಷ, ಎಷ್ಟೋ ಮಕ್ಕಳು, ನನ್ನ ಕಣ್ಣೆದುರೇ ಹಾಗೆ ಅರೆದಿದ್ದರು. ನಾನು ಪುಡಿಯ ಗಾತ್ರ ಕೇಳಿದ್ದೆ, ಬಣ್ಣ ಕೇಳಿದ್ದೆ, ಇಳುವರಿ ಕೇಳಿದ್ದೆ. ನಿನ್ನ ಎದೆಗೆ ಎಷ್ಟು ಹೋಯಿತು ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅದು ನನ್ನ ತಪ್ಪು.

ಬೇವಿನ ರಸ, ತುಳಸಿ ರಸ ಹಾಕಿ ನ್ಯಾನೊ ಕಣ ಮಾಡುವ ಪದ್ಧತಿಗೆ ಹಸಿರು ವಿಧಾನ ಎಂದು ಹೆಸರು. ಹಸಿರೆಂದ ಮೇಲೆ ಅಪಾಯವಿಲ್ಲ ಎಂಬ ಭಾವನೆ ಮಕ್ಕಳಲ್ಲಿದೆ. ತುಳಸಿಯಿಂದ ಹುಟ್ಟಿದರೂ ಕಣ ಕಣವೇ. ಅದರ ಗಾತ್ರ, ಆಕಾರ, ಕರಗುವ ಗುಣ ಇವೇ ಅದರ ಸ್ವಭಾವವನ್ನು ತೀರ್ಮಾನಿಸುತ್ತವೆ.

ಆರು ಗುಂಟೆಯ ಪುಡಿ, ಒಂದು ಗುಂಟೆಯ ಎದೆ

ನ್ಯಾನೊ ಎಂದರೆ ಎಷ್ಟು ಸಣ್ಣದು? ಒಂದರಿಂದ ನೂರು ನ್ಯಾನೊಮೀಟರ್ ಒಳಗಿನ ಕಣಕ್ಕೆ ಈ ಹೆಸರು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಗದ್ದೆ, ತೋಟದವರಿಗೆ ಇನ್ನೊಂದು ಲೆಕ್ಕ ಹೇಳುತ್ತೇನೆ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ತುಂಡು ತೆಗೆದುಕೊಳ್ಳಿ. ಅದರ ಆರು ಮೈಗಳೂ ಸೇರಿ ಆರು ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೊಮೀಟರಿನ ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್ ಆಗುತ್ತದೆ. ಹತ್ತಿರ ಹತ್ತಿರ ಆರು ಗುಂಟೆ! ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿಲ್ಲ. ರಾಸಾಯನಿಕ ಕ್ರಿಯೆ ನಡೆಯುವುದು ಮೈಮೇಲೆ. ಅದಕ್ಕೇ ನ್ಯಾನೊ ಕಣ ಒಳ್ಳೆಯ ವೇಗವರ್ಧಕ, ಒಳ್ಳೆಯ ಸಂವೇದಕ. ಅದಕ್ಕೇ ಅದು ಎದೆಯಲ್ಲಿಯೂ ಚುರುಕು.

ಆ ಎದೆ ಎಷ್ಟು ದೊಡ್ಡದು? ನಮ್ಮ ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳು ಮೂವತ್ತರಿಂದ ಐವತ್ತು ಕೋಟಿ. ಬಿಡಿಸಿ ಹಾಸಿದರೆ ಸುಮಾರು ನೂರು ಚದರ ಮೀಟರ್, ಅಂದರೆ ಒಂದು ಗುಂಟೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮೈಕ್ರಾನಿಗಿಂತ ತೆಳು. ದಿನವೂ ಸಾವಿರಾರು ಲೀಟರ್ ಗಾಳಿ ಈ ಒಂದು ಗುಂಟೆಯ ಮೇಲೆ ಹಾದುಹೋಗುತ್ತದೆ.

ದಪ್ಪ ದೂಳನ್ನು ಮೂಗು, ಗಂಟಲು ತಡೆಯುತ್ತವೆ. ನಡುಗಾತ್ರದ ಕಣ, ಅಂದರೆ 300 ನ್ಯಾನೊಮೀಟರ್ ಆಸುಪಾಸಿನದು, ಬಹುಪಾಲು ಉಸಿರಿನೊಂದಿಗೆ ಹೊರಗೇ ಬರುತ್ತದೆ. ಅದಕ್ಕಿಂತ ಸಣ್ಣದಾದಂತೆ ಕಣಕ್ಕೆ ಚಡಪಡಿಕೆ ಹೆಚ್ಚು. ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಡುತ್ತ ಗೋಡೆಗೆ ತಾಗಿ ಅಂಟಿಕೊಳ್ಳುತ್ತದೆ. 20 ನ್ಯಾನೊಮೀಟರಿನ ಕಣಗಳಲ್ಲಿ ಸುಮಾರು ಅರ್ಧದಷ್ಟು ಗಾಳಿಗೂಡಿನಲ್ಲಿಯೇ ಉಳಿಯುತ್ತವೆ. ಗೂಡಿನಲ್ಲಿ ಗುಡಿಸುವ ಜೀವಕೋಶಗಳಿವೆ. ದಪ್ಪ ಕಣವನ್ನು ಅವು ಹುಡುಕಿ ನುಂಗುತ್ತವೆ. ನ್ಯಾನೊ ಕಣ ಅವುಗಳ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮೂಗಿನಿಂದ ಎಲ್ಲೆಲ್ಲಿಗೆ

ಹಾಗೆ ಉಳಿದದ್ದು ಏನು ಮಾಡುತ್ತದೆ? ಅದು ಯಾವ ವಸ್ತು ಎಂಬುದನ್ನು ಅವಲಂಬಿಸಿದೆ.

ಎರಕದವರಿಗೆ ಒಂದು ಜ್ವರ ಗೊತ್ತಿದೆ. ಹಿತ್ತಾಳೆ ಕರಗಿಸಿದ ದಿನ ಸಂಜೆ ಚಳಿ, ಜ್ವರ, ಮೈನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಅದು ಸತುವಿನ ಹೊಗೆಯ ಜ್ವರ. ಆ ಹೊಗೆಯೂ ಸತುವಿನ ಆಕ್ಸೈಡಿನ ನ್ಯಾನೊ ಕಣವೇ. ಅದು ದೇಹದಲ್ಲಿ ಕರಗುತ್ತದೆ, ಹಾಗಾಗಿ ಪೆಟ್ಟು ಬೇಗ, ಬಿಡುಗಡೆಯೂ ಬೇಗ. ಟೈಟಾನಿಯಂ ಡೈಆಕ್ಸೈಡ್ ಕರಗುವುದಿಲ್ಲ. ಅದು ತಿಂಗಳುಗಟ್ಟಲೆ ಕೂರುವ ನೆಂಟ.

1990ರ ದಶಕದ ಆರಂಭದಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಎರಡು ಗಾತ್ರದ ಟೈಟಾನಿಯಂ ಡೈಆಕ್ಸೈಡ್ ಉಸಿರಾಡಿಸಿದರು. ಒಂದು 250 ನ್ಯಾನೊಮೀಟರ್, ಇನ್ನೊಂದು 20. ತೂಕ ಸಮವಾಗಿದ್ದರೂ ಸಣ್ಣ ಕಣಕ್ಕೆ ಉರಿಯೂತ ಬಹಳ ಹೆಚ್ಚು. ತೂಕದ ಬದಲು ಮೈಯಳತೆಯ ಲೆಕ್ಕ ಹಾಕಿದಾಗ ಎರಡೂ ಒಂದೇ ಗೆರೆಯ ಮೇಲೆ ಬಂದವು. ಎದೆ ಕಿಲೊ, ಗ್ರಾಂ ನೋಡುವುದಿಲ್ಲ, ಗುಂಟೆ ನೋಡುತ್ತದೆ.

ಇಲ್ಲಿಂದ ಸಾಗರದ ದಾರಿಯಲ್ಲಿ ಸಿಗುವ ಕುಂಸಿ ಮ್ಯಾಂಗನೀಸ್ ಅದಿರಿಗೆ ಹೆಸರಾದ ಊರು. ಮ್ಯಾಂಗನೀಸ್ ದೂಳು ಕುಡಿದವರಿಗೆ ನಡಿಗೆ ತಪ್ಪುತ್ತದೆ, ಮುಖ ಬಿಗಿಯುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ವೈದ್ಯ ಜಾನ್ ಕೂಪರ್ 1837ರಲ್ಲೇ ಬರೆದಿದ್ದರು. ದೂಳು ಎದೆಗೆ ಹೋದರೆ ಮಿದುಳು ಕೆಡುವುದೇಕೆ? 2006ರಲ್ಲಿ ಅದೇ ರೋಚೆಸ್ಟರ್‌ನ ಆಲಿಸನ್ ಎಲ್ಡರ್ ಮತ್ತು ಸಂಗಡಿಗರು 30 ನ್ಯಾನೊಮೀಟರಿನ ಮ್ಯಾಂಗನೀಸ್ ಆಕ್ಸೈಡನ್ನು ಇಲಿಗಳಿಗೆ ಉಸಿರಾಡಿಸಿದರು. ಹನ್ನೆರಡು ದಿನಗಳಲ್ಲಿ ಶ್ವಾಸಕೋಶದ ಮ್ಯಾಂಗನೀಸ್ ಎರಡು ಪಟ್ಟಾದರೆ, ಮಿದುಳಿನಲ್ಲಿ ವಾಸನೆ ಹಿಡಿಯುವ ಭಾಗದಲ್ಲಿ ಮೂರೂವರೆ ಪಟ್ಟಾಯಿತು. ಬಲ ಹೊಳ್ಳೆ ಮುಚ್ಚಿದ ಇಲಿಗಳಲ್ಲಿ ಅದು ಎಡಭಾಗದಲ್ಲೇ ಶೇಖರವಾಯಿತು. ವಾಸನೆಯ ನರವನ್ನೇ ಹಿಡಿದು ಕಣದ ಸರಕು ಮೇಲೇರಿತ್ತು.

ಮನುಷ್ಯರ ಮೇಲೆ ವಿಷದ ಕಣ ಪರೀಕ್ಷಿಸುವಂತಿಲ್ಲ. ಎಡಿನ್‌ಬರೊದ ಸಂಶೋಧಕರು ಅದಕ್ಕೆ ನಿರಪಾಯದ ಚಿನ್ನವನ್ನು ಆರಿಸಿದರು. ಸ್ವಯಂಸೇವಕರು ಚಿನ್ನದ ನ್ಯಾನೊ ಕಣಗಳನ್ನು ಉಸಿರಾಡಿದರು; 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಚಿನ್ನ ಅವರ ರಕ್ತದಲ್ಲಿ ಕಂಡಿತು, ಮೂರು ತಿಂಗಳ ನಂತರವೂ ಮೂತ್ರದಲ್ಲಿ ಸಿಕ್ಕಿತು. ಎದೆಯ ತೆಳುಗೋಡೆ ದಾಟಿ ಕಣ ರಕ್ತಕ್ಕೆ ಇಳಿಯುತ್ತದೆ ಎಂಬುದಕ್ಕೆ ಇದು ಮನುಷ್ಯರಲ್ಲೇ ಸಿಕ್ಕ ಸಾಕ್ಷಿ.

ಇನ್ನು ಕಾರ್ಬನ್ ನ್ಯಾನೊ ಕೊಳವೆ. ಅದರ ಉದ್ದನೆಯ, ಬಿರುಸಾದ ಎಳೆಗಳು ಕಲ್ನಾರಿನ (ಆಸ್‌ಬೆಸ್ಟಾಸ್) ಎಳೆಗಳನ್ನು ಹೋಲುತ್ತವೆ. 2008ರಲ್ಲಿ ಎಡಿನ್‌ಬರೊ ತಂಡವೇ ಅವನ್ನು ಸುಂಡಿಲಿಗಳ ಹೊಟ್ಟೆಯ ಪೊರೆಗೆ ಸೇರಿಸಿ ನೋಡಿತು. ಉದ್ದ ಎಳೆಗಳಿಗೆ ಕಲ್ನಾರಿನಂಥದೇ ಉರಿಯೂತ ಬಂತು. ಗಿಡ್ಡ, ಸಿಕ್ಕುಗಟ್ಟಿದ ಎಳೆಗಳಿಗೆ ಬರಲಿಲ್ಲ. ವಸ್ತು ಒಂದೇ, ಆಕಾರ ಬೇರೆ, ಫಲ ಬೇರೆ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದು ಬಗೆಯ ಕೊಳವೆಯನ್ನು ಮಾತ್ರ ಕ್ಯಾನ್ಸರ್ ತರಬಹುದಾದ ವಸ್ತುವೆಂದು ಪಟ್ಟಿ ಮಾಡಿ ಉಳಿದವನ್ನು ವರ್ಗೀಕರಿಸದೆ ಬಿಟ್ಟಿತು. ಹಾಗಾಗಿ 'ನ್ಯಾನೊ ವಿಷವೇ?' ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಕಣ, ಯಾವ ಆಕಾರ, ಎಷ್ಟು, ಎಷ್ಟು ಕಾಲ, ಯಾರ ಮೂಗಿಗೆ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಅಳೆಯುವ ಬಗೆ

ಅಪಾಯಕ್ಕೆ ಎರಡು ಕಾಲು. ಒಂದು ವಸ್ತುವಿನ ಕೆಡುಕು, ಇನ್ನೊಂದು ಅದರ ಒಡನಾಟ. ಒಂದೇ ಕಾಲಿನಲ್ಲಿ ಅದು ನಡೆಯುವುದಿಲ್ಲ. ಡಬ್ಬಿಯಲ್ಲಿ ಮುಚ್ಚಿಟ್ಟ ಪುಡಿ ಯಾರನ್ನೂ ಕೆಡಿಸದು.

ಕೆಡುಕನ್ನು ತಿಳಿಯಲು ಪ್ರಾಣಿಗಳಿಗೆ 28 ಅಥವಾ 90 ದಿನ ಉಸಿರಾಡಿಸುವ ಪರೀಕ್ಷೆಗಳಿವೆ. ಇವಕ್ಕೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಗಳನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2018ರಲ್ಲಿ ನ್ಯಾನೊ ಕಣಗಳಿಗೂ ಹೊಂದುವಂತೆ ತಿದ್ದಿತು. ಸುಲಭವಾಗಿ ಕರಗದ ಕಣ ಶ್ವಾಸಕೋಶದಲ್ಲಿ ಎಷ್ಟು ಉಳಿಯಿತೆಂದು ಅಳೆಯಬೇಕೆಂದಿತು. ಇಲ್ಲೊಂದು ಎಚ್ಚರ ಬೇಕು. ಇಲಿಗಳಿಗೆ ವಿಪರೀತ ಪ್ರಮಾಣ ಕೊಟ್ಟಾಗ ಗುಡಿಸುವ ಕೋಶಗಳೇ ಸೋತು ಗಂಟುಗಳಾಗುತ್ತವೆ. ಅಂಥ ಫಲಿತಾಂಶವನ್ನು ಹಾಗೆಯೇ ಎತ್ತಿ ಮನುಷ್ಯನಿಗೆ ಅಂಟಿಸಿ ಹೆದರಿಸುವುದು ಸರಿಯಲ್ಲ. ಒಣ ಪುಡಿಯ ನ್ಯಾನೊ ಕಣಗಳು ಗಾಳಿಯಲ್ಲಿ ಒಂದಕ್ಕೊಂದು ಅಂಟಿ ದೊಡ್ಡ ಮುದ್ದೆಗಳೂ ಆಗುತ್ತವೆ. ಸೀಸೆಯ ಮೇಲೆ ಬರೆದ ಗಾತ್ರವೇ ಮೂಗಿನ ಮುಂದಿನ ಗಾತ್ರ ಎಂದು ತಿಳಿಯಬಾರದು.

ಅದಕ್ಕೇ ಗಾಳಿಯನ್ನೇ ಅಳೆಯಬೇಕು. ಕಣ ಎಣಿಸುವ ಒಂದು ಯಂತ್ರವಿದೆ. ಕಾಣದ ಕಣವನ್ನು ಅದು ಆಲ್ಕೋಹಾಲ್ ಆವಿಯೊಳಗೆ ಹಾಯಿಸುತ್ತದೆ. ಆವಿ ಕಣದ ಮೇಲೆ ಇಬ್ಬನಿಯಂತೆ ಕೂತು ಹನಿ ದಪ್ಪವಾಗುತ್ತದೆ. ಬೆಳಕು ಹಾಯಿಸಿ ಹನಿ ಎಣಿಸಿದರೆ ಕಣ ಎಣಿಸಿದಂತೆ. ಮಾಗಿಯ ಬೆಳಗ್ಗೆ ಜೇಡರ ಬಲೆ ಕಾಣುವುದು ಇಬ್ಬನಿ ಕೂತ ಮೇಲಲ್ಲವೇ?

ಅಳೆದವರು ಮಿತಿ ಹಾಕಿಕೊಂಡಿದ್ದಾರೆ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸಾಮಾನ್ಯ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ 2.4 ಮಿಲಿಗ್ರಾಂ, ನ್ಯಾನೊ ಪುಡಿಗೆ 0.3 ಮಿಲಿಗ್ರಾಂ ಮಿತಿ ಸೂಚಿಸಿತು. ವಸ್ತು ಅದೇ, ಗಾತ್ರ ಇಳಿದದ್ದಕ್ಕೆ ಮಿತಿ ಎಂಟು ಪಟ್ಟು ಬಿಗಿ. 2013ರಲ್ಲಿ ಕಾರ್ಬನ್ ಕೊಳವೆಗಳಿಗೆ ಒಂದೇ ಮೈಕ್ರೊಗ್ರಾಂ, 2021ರಲ್ಲಿ ಬೆಳ್ಳಿಯ ನ್ಯಾನೊ ಕಣಗಳಿಗೆ 0.9 ಮೈಕ್ರೊಗ್ರಾಂ ಎಂದಿತು. ನಮ್ಮಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ತಂದಿತು. 2021ರಿಂದ ನ್ಯಾನೊ ಯೂರಿಯಾ ಬಾಟಲಿ ನಮ್ಮ ಗೊಬ್ಬರದಂಗಡಿಗೂ ಬಂದಿದೆ, ಡ್ರೋನ್ ಹಾರಿಸಿ ಸಿಂಪಡಿಸುವುದನ್ನೂ ನೋಡುತ್ತಿದ್ದೇವೆ. ಅದು ದ್ರವ, ದೂಳೇಳುವ ಪುಡಿಯಲ್ಲ. ಸಿಂಪಡಣೆಯ ಹನಿ ದಪ್ಪ. ಭಯ ಬೇಡ. ಆದರೆ ಅಪ್ಪನ ನೀಲಿ ಟವೆಲು ನೋಡಿದ ನಾನು ಒಂದನ್ನು ಕೇಳಿಯೇ ಕೇಳುತ್ತೇನೆ: ಬೆಳೆ ಎಷ್ಟು ಹೀರಿತೆಂದು ಅಳೆಯುವ ಹೊಲದಲ್ಲಿ, ಹೊಡೆಯುವವನು ಎಷ್ಟು ಹೀರಿದನೆಂದೂ ಅಳೆಯಬೇಕು.

ಕೋಲಾರದ ಅರವತ್ತು ವರ್ಷ

ಅಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಪಾಠವಿದೆ. ಕೋಲಾರದ ಚಿನ್ನದ ಗಣಿಗಳಿಗೆ ಜಾನ್ ಟೇಲರ್ ಕಂಪನಿ ಕೈಹಾಕಿದ್ದು 1880ರಲ್ಲಿ. ಚಿನ್ನ ಇದ್ದದ್ದು ಬೆಣಚುಕಲ್ಲಿನೊಳಗೆ. ಬೆಣಚು ಕೊರೆದರೆ ಏಳುವುದು ಸಿಲಿಕಾ ದೂಳು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಆ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗ ಇತ್ತು. ನಡುವೆ ಅರವತ್ತು ವರ್ಷ! ಚಿನ್ನವನ್ನು ಔನ್ಸಿನ ಲೆಕ್ಕದಲ್ಲಿ ತೂಗಿದರು. ದೂಳನ್ನು ತೂಗಿದ್ದು ಮನುಷ್ಯರ ಎದೆ. ಆ ಎದೆಗಳು ತುಂಬಿದ ಮೇಲೆ 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಸಿಲಿಕೋಸಿಸ್‌ಗೆ ಇವತ್ತಿಗೂ ಗುಣಪಡಿಸುವ ಮದ್ದಿಲ್ಲ. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆದುವಾಗುವುದಿಲ್ಲ. ಮುಂಚೆ ಅಳೆಯುವುದೊಂದೇ ಅದಕ್ಕೆ ಮದ್ದು. ನ್ಯಾನೊ ಕಣಗಳ ವಿಷಯದಲ್ಲಿ ನಾವಿನ್ನೂ ಆರಂಭದಲ್ಲಿದ್ದೇವೆ. ಅಜ್ಜಂದಿರಿಗೆ ಸಿಗದ ಸಮಯ ನಮಗೆ ಸಿಕ್ಕಿದೆ. ಅದನ್ನು ಕಳೆಯಬಾರದು.

ನಮ್ಮ ಕೈಯಲ್ಲಾಗುವುದು

ಮೊದಲು ಕಾಲೇಜುಗಳು. ಪುಡಿಯನ್ನು ಒಣಗಿಸಿ ಅರೆಯುವ ಬದಲು ನೀರು ಅಥವಾ ಆಲ್ಕೋಹಾಲಿನಲ್ಲಿ ತೇವ ಮಾಡಿ ಅರೆಯಿರಿ. ತೆರೆದ ಮೇಜು ಬಿಟ್ಟು ಗಾಳಿ ಎಳೆಯುವ ಹೊಗೆಗೂಡಿನೊಳಗೆ ಕೆಲಸ ಮಾಡಿ. ಚೆಲ್ಲಿದ್ದನ್ನು ಪೊರಕೆಯಲ್ಲಿ ಗುಡಿಸಬೇಡಿ, ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಎನ್95 ಮುಖಗವಸು ನ್ಯಾನೊ ಕಣವನ್ನು ಹಿಡಿಯುತ್ತದೆ. ಚಡಪಡಿಸುವ ಕಣ ಎಳೆಗೆ ತಾಗಿ ಅಂಟುತ್ತದೆ. ಆದರೆ ಮುಖಕ್ಕೆ ಬಿಗಿಯಾಗಿ ಕೂರಬೇಕು. ಹೆಗಲ ಮೇಲಿನ ಟವೆಲು ಆ ಕೆಲಸ ಮಾಡುವುದಿಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ.

ಎರಡನೆಯದು ಲೆಕ್ಕದ ಪುಸ್ತಕ. ಯಾರು, ಯಾವ ಪುಡಿ, ಎಷ್ಟು ಹೊತ್ತು ಎಂದು ಪ್ರತಿ ಪ್ರಯೋಗಾಲಯ, ಪ್ರತಿ ಫೌಂಡ್ರಿ ಬರೆದಿಡಬೇಕು. ಕೆಲಸಕ್ಕೆ ಸೇರಿದ ದಿನವೇ ಊದಿಸಿ ಶ್ವಾಸಕೋಶದ ಬಲ ಅಳೆದು, ವರ್ಷಕ್ಕೊಮ್ಮೆ ಮತ್ತೆ ಅಳೆಯಬೇಕು. ಇಪ್ಪತ್ತು ವರ್ಷದ ನಂತರ ಬರುವ ವೈದ್ಯನಿಗೆ ಆ ಪುಸ್ತಕವೇ ಸಾಕ್ಷಿ.

ಮೂರನೆಯದು ಒಂದು ಬೇಡಿಕೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿದೆ, ಭದ್ರಾವತಿ, ಮಾಚೇನಹಳ್ಳಿಗಳಲ್ಲಿ ಕೈಗಾರಿಕೆಯಿದೆ. ಕಣ ಎಣಿಸುವ ಒಂದು ಯಂತ್ರವನ್ನು ಇವರೆಲ್ಲ ಕೂಡಿ ಕೊಂಡು, ಸರದಿಯಲ್ಲಿ ಊರೂರಿಗೆ ಒಯ್ಯಬಹುದು. ಒಂದು ವಾರ ಪ್ರಯೋಗಾಲಯದಲ್ಲಿ, ಒಂದು ವಾರ ಎರಕದ ಮನೆಯಲ್ಲಿ, ಒಂದು ವಾರ ವೆಲ್ಡಿಂಗ್ ಅಂಗಡಿಯಲ್ಲಿ, ಮಳೆಗಾಲದ ಒಂದು ವಾರ ತೋಟದಲ್ಲಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ಬೇಕೇ?

ನನ್ನ ಆ ವಿದ್ಯಾರ್ಥಿನಿ ಈಗ ತಾನೇ ಮೇಷ್ಟ್ರಾಗಿದ್ದಾಳೆ. ಅವಳ ಪ್ರಯೋಗಾಲಯಕ್ಕೆ ಹೋಗಿದ್ದೆ. ಮಕ್ಕಳು ಕಲ್ಬತ್ತಿಗೆ ಮೊದಲು ಪಿಚಕಾರಿಯಿಂದ ಹನಿ ನೀರು ಹಾಕಿ, ಹೊಗೆಗೂಡಿನ ಗಾಜಿಳಿಸಿ, ಆಮೇಲೆ ಅರೆಯುತ್ತಿದ್ದರು. ಅದೇ ಪಶ್ಚಿಮದ ಬಿಸಿಲು ಅಲ್ಲೂ ಬೀಳುತ್ತಿತ್ತು. ಬಿಸಿಲುಕೋಲು ಖಾಲಿ ಇತ್ತು. ಬಹಳ ಹೊತ್ತು ನೋಡುತ್ತ ನಿಂತಿದ್ದೆ.

ಮುಂಗಾರಿಗೆ ನಿಮ್ಮಲ್ಲಿ ಹಲವರು ಮತ್ತೆ ಮೈಲುತುತ್ತ ಕರಗಿಸುತ್ತೀರಿ, ಕತ್ತಿ ಅದ್ದಿ ಬೆಳಕಿಗೆ ಹಿಡಿಯುತ್ತೀರಿ. ಮರಕ್ಕಾಗಿ ಮಾಡುವ ಆ ಒಂದು ನಿಮಿಷದ ಪರೀಕ್ಷೆಯನ್ನು ಮರದ ಬುಡದಲ್ಲಿ ನಿಂತವನಿಗಾಗಿಯೂ ಮಾಡೋಣ. ಮರಳು ಕೊಡವುತ್ತ ಬಾಳಿದ ತಂದೆಗೆ ಮಗಳು ಇಟ್ಟ ಈ ದತ್ತಿಗೆ ನಾನು ಸಲ್ಲಿಸಬಹುದಾದ ಗೌರವ ಇದು.